ಎರೆ ಸೀಮೆಯಲ್ಲಿ ಚೀಲದ ಆಲೂಗಡ್ಡೆ
ಕೈತೋಟ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪತ್ರಗಳು ಅಳವಂಡಿ ಹೋಬಳಿಯಿಂದ, ಜೊತೆಗೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯಿಂದ ಬಂದಿವೆ. ಎಲ್ಲವೂ ಹಿಡಿದಿರುವುದು ಒಂದೇ ವಿಷಯ: ಮನೆಯಲ್ಲಿ ಚೀಲಕ್ಕೆ ಮಣ್ಣು ತುಂಬಿ ಆಲೂಗಡ್ಡೆ ಬೆಳೆಯಬಹುದೇ? ಜೋಳ, ಕಡಲೆ, ಹತ್ತಿ ಬೆಳೆಯುವ ಎರೆ ಸೀಮೆಗೆ ಆಲೂಗಡ್ಡೆ ಹೊಲದ ಬೆಳೆಯಾಗಿ ಬಂದಿಲ್ಲ. ಸಂತೆಯಿಂದ ಅಡುಗೆಮನೆಗೆ ಮಾತ್ರ ಬಂದಿದೆ. ಮನೆಯ ಮಟ್ಟಿಗೆ ಬೆಳೆಯಬಹುದು ಎಂಬುದೇ ನಮ್ಮ ಉತ್ತರ. ಆದರೆ ಚೀಲ ಇಟ್ಟುಕೊಂಡವರು ಮಣ್ಣನ್ನು ತಮಗೆ ಬೇಕಾದಂತೆ ಮಾಡಿಕೊಳ್ಳಬಹುದು, ಹವೆಯನ್ನು ಮಾಡಿಕೊಳ್ಳಲಾಗದು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ತಾವಾಗಿಯೇ ತಿಳಿಯುತ್ತವೆ.

ಗಿಡ ಬಂತು, ಗಡ್ಡಿ ಬರಲಿಲ್ಲ

*ಪ್ರಶ್ನೆ: ಹೋದ ಏಪ್ರಿಲ್‌ದಾಗ ಎರಡು ಚೀಲಕ್ಕ ಆಲೂಗಡ್ಡಿ ಹಚ್ಚಿದ್ನಿರಿ. ಗಿಡ ಮೊಣಕಾಲಮಟ ಹಸರಾಗಿ ಬಂತು. ಕಿತ್ತು ನೋಡಿದ್ರ ಬೇರು ಬಿಟ್ರ ಒಂದು ಗಡ್ಡಿನೂ ಇಲ್ಲ. ಗೊಬ್ಬರ ಕಡಿಮಿ ಆತೇನ್ರಿ? ಇಲ್ಲಾ ನಮ್ಮ ಎರಿ ಸೀಮಿಗೆ ಇದು ಬರೂದ ಇಲ್ಲೇನು?*
– ಗೃಹಿಣಿ, ಅಳವಂಡಿ

ಉತ್ತರ: ಗೊಬ್ಬರದ ಮಾತಲ್ಲ ತಾಯಿ, ರಾತ್ರಿಯ ಸೆಕೆ ಹೀಗೆ ಮಾಡಿದೆ. ಆಲೂಗಡ್ಡೆ ಬೇರಿನ ಗಡ್ಡೆಯಲ್ಲ. ಮಣ್ಣೊಳಗೆ ಅಡ್ಡಕ್ಕೆ ಹರಿಯುವ ಕಾಂಡದ ಎಳೆಗಳಿರುತ್ತವೆ. ಅವುಗಳ ತುದಿ ಉಬ್ಬಿದಾಗ ಗಡ್ಡೆಯಾಗುತ್ತದೆ. ಎಲೆ ಹಗಲು ಮಾಡಿಟ್ಟ ಸಕ್ಕರೆ ಆ ತುದಿಗೆ ಇಳಿದು ಪಿಷ್ಟವಾಗಿ ಕೂಡಬೇಕು. ಅದಕ್ಕೆ ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ರಾತ್ರಿ ಅದಕ್ಕಿಂತ ಬೆಚ್ಚಗಾದಷ್ಟೂ ಗಿಡ ಆ ಸಕ್ಕರೆಯನ್ನು ತನ್ನ ಉಸಿರಾಟಕ್ಕೆ, ಕಾಂಡ–ಎಲೆ ಬೆಳೆಸುವುದಕ್ಕೆ ಖರ್ಚು ಮಾಡಿಕೊಳ್ಳುತ್ತದೆ. ಮಣ್ಣಿನ ಕಾವು 30 ಡಿಗ್ರಿಯ ಹತ್ತಿರ ಬಂದರೆ ಗಡ್ಡೆ ಕಟ್ಟುವುದೇ ನಿಂತಂತೆ. ಏಪ್ರಿಲ್‌ನಲ್ಲಿ ನಿಮ್ಮ ಗಿಡ ಮೇಲೆ ಸೊಂಪಾಗಿ ಬಂದು ಕೆಳಗೆ ಬರಿದಾದದ್ದು ಇದರಿಂದ. ಇನ್ನೆರಡು ಬುಟ್ಟಿ ಗೊಬ್ಬರ ಹಾಕಿದ್ದರೆ ಗಿಡ ಇನ್ನೊಂದು ಗೇಣು ಎತ್ತರವಾಗುತ್ತಿತ್ತು, ಅಷ್ಟೇ.

ಹಾಸನದಲ್ಲಿ ಮುಂಗಾರು ಮಳೆಗೇ ಆಲೂಗಡ್ಡೆ ಹಾಕುತ್ತಾರಲ್ಲ ಎಂದು ಕೇಳುವವರಿದ್ದಾರೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಜೂನ್–ಜುಲೈನಲ್ಲಿ ಅಲ್ಲಿ ಮೋಡ, ತಂಪು. ಕೊಪ್ಪಳದ ಎತ್ತರ ಸುಮಾರು 530 ಮೀಟರ್. ಹಾಸನದ ಪಂಚಾಂಗ ನಮಗೆ ನಡೆಯದು. ನಮಗಿರುವುದು ಚಳಿಗಾಲದ ಒಂದೇ ಕಿಟಕಿ: ಸೀಗಿ ಹುಣ್ಣಿಮೆಯಿಂದ ದೀಪಾವಳಿಯ ಆಸುಪಾಸಿನವರೆಗೆ, ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ ನಾಟಿ. ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ದಿನಗಳಲ್ಲೇ ಚೀಲದ ಕೆಲಸವನ್ನೂ ಮುಗಿಸಿ. ನಾಟಿಯಾಗಿ 30–45 ದಿನಕ್ಕೆ ಗಡ್ಡೆ ಕಟ್ಟಲು ಶುರುವಾಗುತ್ತದೆ. ಆಗ ಡಿಸೆಂಬರ್ ಚಳಿ ಇರುತ್ತದೆ. ಜನವರಿ ಕೊನೆ, ಫೆಬ್ರುವರಿ ಮೊದಲಿಗೆ ಕೀಳಬಹುದು. ಡಿಸೆಂಬರ್‌ನಲ್ಲಿ ಹಚ್ಚಿದರೆ ಗಡ್ಡೆ ದಪ್ಪವಾಗುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಫಲ ಅರ್ಧಕ್ಕಿಳಿಯುತ್ತದೆ.

ಮೊಬೈಲಿನಲ್ಲಿ ಕಂಡ ಚೀಲ

*ಪ್ರಶ್ನೆ: ಮೊಬೈಲಿನ ಒಂದು ವಿಡಿಯೊದಲ್ಲಿ ಚೀಲ ಹರಿದರೆ ಮೇಲಿನಿಂದ ಕೆಳಗಿನವರೆಗೆ ಆಲೂಗಡ್ಡೆ ಸುರಿಯಿತು. ಮಣ್ಣು ಏರಿಸುತ್ತಾ ಹೋದಂತೆ ಪದರ ಪದರವಾಗಿ ಗಡ್ಡೆ ಬರುತ್ತದಂತೆ. ಒಂದು ಚೀಲಕ್ಕೆ ನಿಜವಾಗಿ ಎಷ್ಟು ಸಿಗುತ್ತದೆ?*
– ಪದವಿ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಎರಡು ಮೂರು ಗಡ್ಡೆ ಹಚ್ಚಿದ ಒಂದು ಚೀಲಕ್ಕೆ ಮುಕ್ಕಾಲರಿಂದ ಒಂದೂವರೆ ಕಿಲೊ. ಮೊದಲ ವರ್ಷ ಒಂದು ಕಿಲೊ ಸಿಕ್ಕರೆ ಚೆನ್ನಾಗಿ ಬೆಳೆದಿರಿ ಎಂದೇ ಲೆಕ್ಕ.

ಬೇಕಾದರೆ ನೀವೇ ಗುಣಿಸಿ ನೋಡಿ. ಹೊಲದಲ್ಲಿ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಬಿಟ್ಟರೆ ಹೆಕ್ಟೇರಿಗೆ ಸುಮಾರು 83,000 ಗಿಡ. ಹೆಕ್ಟೇರಿಗೆ 25 ಟನ್ ಬಂದರೆ ಅದು ಒಳ್ಳೆಯ ಇಳುವರಿ. ಗಿಡಕ್ಕೆ ಬೀಳುವುದು 300 ಗ್ರಾಂ. ಮೂರು ಗಿಡದ ಚೀಲಕ್ಕೆ 900 ಗ್ರಾಂ. ನೆಲದಲ್ಲಿ ಇಷ್ಟು ಕೊಡುವ ಗಿಡ ಚೀಲಕ್ಕೆ ಬಂದ ಮಾತ್ರಕ್ಕೆ ಹತ್ತು ಕಿಲೊ ಕೊಡುವುದಿಲ್ಲ.

ಪದರದ ಮಾತಿಗೂ ಉತ್ತರ ಇದರಲ್ಲೇ ಇದೆ. ನಮ್ಮಲ್ಲಿ ಬೀಜಕ್ಕೆ ಸಿಗುವ ತಳಿಗಳು ಹೆಚ್ಚಾಗಿ ಬೇಗ ಬಲಿಯುವಂಥವು. ಅವು ಬಿತ್ತಿದ ಗಡ್ಡೆಯ ಮಟ್ಟದಲ್ಲಿ, ಅದಕ್ಕಿಂತ ಒಂದು ಗೇಣು ಮೇಲಿನವರೆಗೆ ಎಳೆ ಬಿಟ್ಟು ಗಡ್ಡೆ ಕಟ್ಟಿ ಮುಗಿಸುತ್ತವೆ. ಅದರಾಚೆಗೆ ಎರಡಡಿ ಮಣ್ಣು ಏರಿಸಿದರೂ ಅಲ್ಲಿ ಬರೀ ಕಾಂಡ. ಹಾಗಿದ್ದರೆ ಮಣ್ಣು ಏರಿಸುವುದೇಕೆ? ಮೇಲೆ ಬಂದ ಗಡ್ಡೆಗೆ ಬೆಳಕು ಬಿದ್ದು ಹಸಿರಾಗದಿರಲಿ, ಗಡ್ಡೆ ಕೊರೆಯುವ ಪತಂಗ ಮೊಟ್ಟೆ ಇಡದಿರಲಿ, ಬೇರಿನ ಜಾಗ ತಂಪಾಗಿರಲಿ ಎಂದು. ಈ ಮೂರೂ ನಮ್ಮ ಸೀಮೆಯಲ್ಲಿ ಮುಖ್ಯವಾದವೇ. ಹೀಗಾಗಿ ಮಣ್ಣು ಏರಿಸಿ, ಪದರದ ಆಸೆ ಬಿಡಿ.

ಮೊಳಕೆ ಬಂದ ಮನೆಯ ಗಡ್ಡೆ

*ಪ್ರಶ್ನೆ: ಅಡುಗಿಮನಿ ಬುಟ್ಟಿಯೊಳಗ ಮೊಳಕಿ ಬಂದ ಆಲೂಗಡ್ಡಿ ಅದಾವ. ಅವನ್ನ ಹಚ್ಚಬಹುದೇನ್ರಿ? ಬೀಜದ ಗಡ್ಡಿ ಅಂತ ಬ್ಯಾರೆ ಇರ್ತಾವಂತಲ್ಲ, ಎಲ್ಲಿ ಸಿಗ್ತಾವ?*
– ಸ್ವಸಹಾಯ ಸಂಘದ ಸದಸ್ಯೆ, ಅಳವಂಡಿ ಹೋಬಳಿ

ಉತ್ತರ: ಎರಡು ಚೀಲ ಹಚ್ಚಿ ನೋಡುವುದಕ್ಕೆ ಅಡುಗೆಮನೆಯ ಗಡ್ಡೆ ಸಾಕು. ಆದರೆ ಆರಿಸಿ ಹಚ್ಚಿ. ಕೈಯಲ್ಲಿ ಹಿಡಿದರೆ ಗಟ್ಟಿಯಾಗಿರಬೇಕು, ಕೋಳಿಮೊಟ್ಟೆಯ ಗಾತ್ರವಿರಬೇಕು, ಮೊಳಕೆ ಗಿಡ್ಡಾಗಿ ದಪ್ಪಗಿರಬೇಕು. ಸುಕ್ಕುಗಟ್ಟಿದ್ದು, ದಾರದಂಥ ಬಿಳಿ ಮೊಳಕೆಯದ್ದು, ಕತ್ತರಿಸಿದರೆ ಒಳಗೆ ಕಂದು ಉಂಗುರ ಕಾಣುವಂಥದ್ದು ಬೇಡ.

ಮೊಳಕೆಯೇ ಬಾರದ ಗಡ್ಡೆಗೆ ಎರಡು ಕಾರಣ. ಕಿತ್ತ ಹೊಸತರಲ್ಲಿ ಎರಡು ತಿಂಗಳಷ್ಟು ಕಾಲ ಆಲೂಗಡ್ಡೆ ಸುಪ್ತವಾಗಿರುತ್ತದೆ. ತಾನಾಗಿ ಮೊಳೆಯದು. ಇನ್ನು ಶೀತಲಗೃಹಗಳಲ್ಲಿ ಕೆಲವೆಡೆ ಮೊಳಕೆ ತಡೆಯಲು ಕ್ಲೋರ್‌ಪ್ರೋಫಾಮ್ ಎಂಬ ರಾಸಾಯನಿಕದ ಹೊಗೆ ಕೊಡುತ್ತಾರೆ. ಅಂಥ ಗಡ್ಡೆ ತಿನ್ನಲು ಸರಿ, ಬೀಜಕ್ಕೆ ಬಾರದು. ಅಂಗಡಿಯಲ್ಲಿ ನೋಡಿ ಹೇಳಲಾಗದು. ಎರಡು ಮೂರು ವಾರ ಮನೆಯಲ್ಲಿಟ್ಟು ಮೊಳೆತವನ್ನಷ್ಟೇ ಹಚ್ಚಿ.

ಹತ್ತು ಹದಿನೈದು ಮನೆಯವರು ಕೂಡಿ ಬೆಳೆಯುವಿರಾದರೆ ಬೀಜದ ಗಡ್ಡೆಯನ್ನೇ ತರಿಸಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹಿಂಗಾರು ನಾಟಿ ನಡೆಯುವುದು ಅಕ್ಟೋಬರ್–ನವೆಂಬರ್‌ನಲ್ಲೇ. ಬೀಜದ ಗಡ್ಡೆ ಅಲ್ಲಿ ಮಾರುಕಟ್ಟೆಗೆ ಬರುವ ಕಾಲವೂ ಅದೇ. ಒಂದು ಮೂಟೆ ತರಿಸಿ ಹಂಚಿಕೊಂಡರೆ ಸಂಘಕ್ಕೆ ಭಾರವಾಗದು. ಮುನಿರಾಬಾದಿನ ತೋಟಗಾರಿಕೆ ಕಾಲೇಜು, ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲೂ ವಿಚಾರಿಸಿ.

ತಳಿಯ ಹೆಸರಿಗೆ ಮುಂದೆ ‘ಕುಫ್ರಿ’ ಇರುತ್ತದೆ. ಅದು ಶಿಮ್ಲಾ ಬೆಟ್ಟದ ಒಂದು ಊರು. 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಈ ಹೆಸರು ಸೇರುತ್ತದೆ. 1968ರಲ್ಲಿ ಬಂದ ಕುಫ್ರಿ ಜ್ಯೋತಿ ನಮ್ಮ ರಾಜ್ಯದಲ್ಲಿ ಹೆಚ್ಚು ಪರಿಚಿತ. ಆದರೆ ಅಳವಂಡಿಗೆ ನಾನು ಮೊದಲು ಹುಡುಕಲು ಹೇಳುವುದು ಕುಫ್ರಿ ಸೂರ್ಯ. 2006ರಲ್ಲಿ ಬಿಡುಗಡೆಯಾದ ಈ ತಳಿ ಉಳಿದವಕ್ಕಿಂತ ಬೆಚ್ಚಗಿನ ರಾತ್ರಿಯಲ್ಲೂ ಗಡ್ಡೆ ಕಟ್ಟುತ್ತದೆ. ದಖ್ಖನ್ ಪ್ರಸ್ಥಭೂಮಿಗೆಂದೇ 1972ರಲ್ಲಿ ಬಂದ ಕುಫ್ರಿ ಲವ್ಕರ್ ಬೇಗ ಕೈಗೆ ಬರುವ ತಳಿ. ಎರಡೂ ಸಿಗದಿದ್ದರೆ ಬೇಗ ದಪ್ಪಗಾಗುವ ಕುಫ್ರಿ ಪುಖರಾಜ್ ಆದೀತು.

ಯಾವ ಚೀಲ, ಯಾವ ಮಣ್ಣು?

*ಪ್ರಶ್ನೆ: ನನ್ನ ಹತ್ತಿರ ಯೂರಿಯಾ ಚೀಲ, ಗೋಣಿಚೀಲ, 25 ಕೆ.ಜಿ. ಅಕ್ಕಿಚೀಲ ಇವೆ. ಹೊಲದ ಎರೆ ಮಣ್ಣನ್ನೇ ತುಂಬಬಹುದೇ? ಚೀಲ ಮಾಳಿಗೆ ಮೇಲೆ ಇಡುವ ವಿಚಾರವಿದೆ.*
– ರೈತ, ಯಲಬುರ್ಗಾ ತಾಲ್ಲೂಕು

ಉತ್ತರ: ಯೂರಿಯಾ ಚೀಲವೇ ಆಗಲಿ. ಒಳಗೆ ಗೊಬ್ಬರ ಅಂಟಿರುತ್ತದೆ, ಎರಡು ಸಲ ನೀರಿನಲ್ಲಿ ಜಾಲಿಸಿ. ಅದಕ್ಕೆ ಮೂರು ಗಡ್ಡೆ ಹಿಡಿಯುತ್ತವೆ, ಅಕ್ಕಿಚೀಲಕ್ಕೆ ಎರಡು. ಗೋಣಿಚೀಲ ನಮ್ಮ ಒಣಗಾಳಿಗೆ ನೀರು ಹಿಡಿಯುವುದಿಲ್ಲ, ಎರಡು ತಿಂಗಳಲ್ಲಿ ತಳ ಕೊಳೆಯುತ್ತದೆ. ಕಪ್ಪು ಚೀಲ ಕಾಯುತ್ತದೆ, ಅದನ್ನು ಬಿಡಿ. ಕೀಟನಾಶಕ ತುಂಬಿದ್ದ ಚೀಲವನ್ನಂತೂ ಮುಟ್ಟಬೇಡಿ. ಪ್ಲಾಸ್ಟಿಕ್ ನೂಲಿನ ಚೀಲ ಬಿಸಿಲಿಗೆ ಒಂದು ಹಂಗಾಮು ಬಾಳುತ್ತದೆ. ಮರುವರ್ಷ ನಾರುನಾರಾಗಿ ಉದುರುತ್ತದೆ. ಹಾಗಾಗಿ ಉಪಯೋಗಿಸಿ ಬಿಟ್ಟದ್ದನ್ನು ಮಣ್ಣಿಗೆ ಸೇರಿಸದೆ ಎತ್ತಿಡಿ.

ಎರೆ ಮಣ್ಣನ್ನು ಹಾಗೇ ತುಂಬಿದರೆ ಚೀಲ ಕಟ್ಟಿದ್ದೇ ದಂಡ. ನೀರು ಕುಡಿದರೆ ಉಬ್ಬಿ ಮುದ್ದೆಯಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಗಡ್ಡೆಗೆ ಉಸಿರಾಡಲೂ ಜಾಗವಿಲ್ಲ, ಉಬ್ಬಲೂ ಜಾಗವಿಲ್ಲ. ಆಲೂಗಡ್ಡೆ ಬಯಸುವುದು ಕೊಂಚ ಹುಳಿ ಮಣ್ಣು. ಎರೆ ಮಣ್ಣು ಕ್ಷಾರದ ಕಡೆಗಿದೆ. ಕ್ಷಾರ ಹೆಚ್ಚಾದಲ್ಲಿ ಗಡ್ಡೆಯ ಸಿಪ್ಪೆ ಮೇಲೆ ಕಜ್ಜಿಯಂಥ ಒರಟು ಕಲೆ ಬರುತ್ತದೆ. ಅದಕ್ಕೆ ಈ ಮಿಶ್ರಣ ಮಾಡಿಕೊಳ್ಳಿ: ಮಸಾರಿ ಹೊಲದ ಕೆಂಪು ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಎರಡು ಬುಟ್ಟಿ, ಮಣ್ಣು ಸಡಿಲ ಮಾಡುವ ವಸ್ತು ಒಂದು ಬುಟ್ಟಿ. ಸಡಿಲಕ್ಕೆ ತೆಂಗಿನ ನಾರಿನ ಪುಡಿ ಕೊಳ್ಳಲೇಬೇಕೆಂದಿಲ್ಲ. ನಿಮ್ಮ ಕಡೆ ಶೇಂಗಾ ಒಡೆದ ಸಿಪ್ಪೆ ಸಿಗುತ್ತದೆ, ಗಂಗಾವತಿ ಕಡೆಯವರಿಗೆ ಅಕ್ಕಿ ಗಿರಣಿಯ ಭತ್ತದ ಹೊಟ್ಟು ಸಿಗುತ್ತದೆ. ಶೇಂಗಾ ಸಿಪ್ಪೆಯನ್ನು ಒಂದು ತಿಂಗಳು ಮೊದಲೇ ಸಗಣಿ ನೀರಿನಲ್ಲಿ ನೆನೆಹಾಕಿ ಕಳಿಸಿ. ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಒಲೆಯ ಬೂದಿ ಹಾಕಬೇಡಿ. ಇರುವ ಕ್ಷಾರಕ್ಕೆ ಇನ್ನಷ್ಟು ಕ್ಷಾರ ಕೂಡುತ್ತದೆ. ಹಸಿ ಸಗಣಿಯೂ ಬೇಡ, ಅದರ ಜೊತೆ ಗೊಣ್ಣೆಹುಳು ಬರುತ್ತದೆ.

ಮಾಳಿಗೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಯಾಗಿದ್ದರೆ ಮೇಲೆ ಒಂದು ಚೀಲವನ್ನೂ ಇಡಬೇಡಿ. ನೀರುಂಡ ಒಂದು ಯೂರಿಯಾ ಚೀಲ ಅರ್ಧ ಕ್ವಿಂಟಲಿನ ಹತ್ತಿರ ತೂಗುತ್ತದೆ. ತೊಲೆ, ಜಂತಿಗಳಿಗೆ ಭಾರವೂ ಕೆಟ್ಟದ್ದು, ತೇವವೂ ಕೆಟ್ಟದ್ದು. ಅಂಥವರಿಗೆ ಅಂಗಳವೇ ಸರಿ. ಆರ್‌ಸಿಸಿ ಛಾವಣಿಯಾದರೆ ಗೋಡೆಯ ನೇರಕ್ಕೆ, ಅಂಚಿನಲ್ಲಿ, ಎರಡೆರಡು ಇಟ್ಟಿಗೆಯ ಮೇಲೆ ಇಡಿ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಕಾವು ಬಿಡುತ್ತದೆ. ತಳಕ್ಕೆ ಗಾಳಿ ಆಡಿದರೆ ಆ ಕಾವು ಚೀಲಕ್ಕೆ ಏರುವುದಿಲ್ಲ. ಬೆಳಗಿನ ಬಿಸಿಲು ಐದಾರು ತಾಸು ಬಿದ್ದು, ಮಧ್ಯಾಹ್ನ ಎರಡರ ನಂತರ ನೆರಳು ಬೀಳುವ ಪೂರ್ವದ ಬದಿ ಎಲ್ಲಕ್ಕಿಂತ ಒಳ್ಳೆಯದು.

ಹಚ್ಚುವ ಬಗೆ, ಮಣ್ಣು ಏರಿಸುವ ಬಗೆ

*ಪ್ರಶ್ನೆ: ಚೀಲ ಪೂರ್ತಿ ತುಂಬಿ ಹಚ್ಚೂದೋ, ಅರ್ಧ ತುಂಬಿ ಹಚ್ಚೂದೋ? ಗಡ್ಡಿ ಹೋಳು ಮಾಡಬೇಕಾ? ಗೊಬ್ಬರ ಎಷ್ಟು?*
– ಹೊಲಿಗೆ ಕೆಲಸದವರು, ಗಂಗಾವತಿ

ಉತ್ತರ: ನಾಟಿಗೆ ಎರಡು ಮೂರು ವಾರ ಮೊದಲು ಬೀಜದ ಗಡ್ಡೆಗಳನ್ನು ನೇರ ಬಿಸಿಲು ತಾಕದ, ಬೆಳಕಿರುವ ಪಡಸಾಲೆಯಲ್ಲಿ ಒಂದೇ ಪದರವಾಗಿ ಹರವಿಡಿ. ಬೆಳಕಿನಲ್ಲಿ ಮೊಳಕೆ ಗಿಡ್ಡಾಗಿ, ಗಟ್ಟಿಯಾಗಿ ಬರುತ್ತದೆ. ಕತ್ತಲಲ್ಲಿ ಉದ್ದವಾಗಿ ಬಂದು ಮುರಿಯುತ್ತದೆ. ಅರ್ಧದಿಂದ ಒಂದು ಸೆಂ.ಮೀ. ಉದ್ದವಾದರೆ ಹಚ್ಚಲು ತಯಾರು.

ಚೀಲದ ನಾಟಿಗೆ ಹೋಳಿಗಿಂತ ಇಡೀ ಗಡ್ಡೆ ಮೇಲು. ಅಕ್ಟೋಬರ್‌ನ ಮಣ್ಣಿನಲ್ಲಿ ಇನ್ನೂ ಕಾವಿರುತ್ತದೆ, ಹೋಳು ಬೇಗ ಕೊಳೆಯುತ್ತದೆ. ದೊಡ್ಡ ಗಡ್ಡೆಯೇ ಇದ್ದರೆ ಹೋಳಿಗೆ ಎರಡು ಮೂರು ಕಣ್ಣು, 30–40 ಗ್ರಾಂ ತೂಕ ಇರುವಂತೆ ಉದ್ದುದ್ದ ಸೀಳಿ, ಲೀಟರ್ ನೀರಿಗೆ ಮೂರು ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಅದ್ದಿ ತೆಗೆದು, ಒಂದೆರಡು ದಿನ ನೆರಳಲ್ಲಿ ಆರಿಸಿ ಹಚ್ಚಿ.

ಚೀಲದ ತಳಕ್ಕೆ, ಬದಿಯಲ್ಲಿ ಎರಡು ಅಂಗುಲ ಮೇಲಕ್ಕೆ, ಪೆನ್ಸಿಲ್ ತೂರುವಷ್ಟು ದಪ್ಪದ ಎಂಟು ಹತ್ತು ತೂತು ಮಾಡಿ. ಬಾಯಿಯನ್ನು ಹೊರಕ್ಕೆ ಮಡಚಿ ಒಂದಡಿ ಎತ್ತರಕ್ಕೆ ತನ್ನಿ. ಒಂದು ಗೇಣಿಗೆ ಕೊಂಚ ಕಡಿಮೆ ಮಿಶ್ರಣ ತುಂಬಿ, ಮೊಳಕೆ ಮೇಲೆ ಬರುವಂತೆ ಗಡ್ಡೆ ಇಟ್ಟು, ನಾಲ್ಕು ಬೆರಳು ಮಣ್ಣು ಮುಚ್ಚಿ ನೀರು ಕೊಡಿ. ಎರಡು ಮೂರು ವಾರಕ್ಕೆ ಗಿಡ ಮೇಲೆ ಕಾಣುತ್ತದೆ. ಗೇಣುದ್ದ ಬಂದಾಗ ತುದಿಯ ನಾಲ್ಕು ಬೆರಳು ಬಿಟ್ಟು ಉಳಿದದ್ದನ್ನು ಮಣ್ಣಿನಲ್ಲಿ ಮುಚ್ಚಿ, ಮಡಚಿದ ಚೀಲವನ್ನು ಅಷ್ಟು ಬಿಚ್ಚಿ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ನಾಟಿಯಾದ 45 ದಿನದೊಳಗೆ ಮಣ್ಣು ಏರಿಸುವುದು ಮುಗಿಯಲಿ. ಆಮೇಲೆ ಕೈ ಹಾಕಿದರೆ ಎಳೆಗಳು ಹರಿಯುತ್ತವೆ. ಕೊನೆಗೆ ಮೇಲೆ ಜೋಳದ ರವದಿಯನ್ನೋ ಒಣ ಹುಲ್ಲನ್ನೋ ಹೊದಿಸಿ. ಮಣ್ಣು ತಂಪಾಗಿರಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ತಿಪ್ಪೆಗೊಬ್ಬರ ಚೆನ್ನಾಗಿದ್ದರೆ ಬೇರೆ ಗೊಬ್ಬರ ಸ್ವಲ್ಪ ಸಾಕು. ಮೂರು ಗಿಡದ ಚೀಲಕ್ಕೆ ನಾಟಿಯಲ್ಲಿ 17:17:17 ಗೊಬ್ಬರ 15 ಗ್ರಾಂ, ಮೊದಲ ಸಲ ಮಣ್ಣು ಏರಿಸುವಾಗ ಯೂರಿಯಾ 5 ಗ್ರಾಂ, ಅಂದರೆ ಒಂದು ಚಹಾ ಚಮಚ. ಅದಕ್ಕಿಂತ ಹೆಚ್ಚು ಯೂರಿಯಾ ಕೊಟ್ಟರೆ ಎಲೆ ಕೊಬ್ಬುತ್ತದೆ, ಗಡ್ಡೆ ತಡವಾಗುತ್ತದೆ. ರಾಸಾಯನಿಕ ಬೇಡ ಎನ್ನುವವರು ಎರಡು ಸಲ ಮಣ್ಣು ಏರಿಸುವಾಗಲೂ ಎರೆಹುಳು ಗೊಬ್ಬರ ಎರಡೆರಡು ಬೊಗಸೆ ಸೇರಿಸಿ.

ಬೋರಿನ ಸವಳು ನೀರು

*ಪ್ರಶ್ನೆ: ನಮ್ಮೂರಿನ ಬೋರಿನ ನೀರು ಸವಳು. ಕೊಡದ ತಳಕ್ಕೆ ಬಿಳಿ ಕಟ್ಟುತ್ತದೆ. ಚೀಲದ ಗಿಡದ ಎಲೆ ಅಂಚು ಸುಟ್ಟಂತಾಗಿವೆ. ನೀರಿನ ದೋಷವೇ?*
– ನಿವೃತ್ತ ಬಸ್ ನಿರ್ವಾಹಕ, ಕುಷ್ಟಗಿ

ಉತ್ತರ: ಬಹುಮಟ್ಟಿಗೆ ನೀರಿನದೇ. ಆಲೂಗಡ್ಡೆ ಉಪ್ಪನ್ನು ಹೆಚ್ಚು ತಾಳುವ ಗಿಡವಲ್ಲ. ಹೊಲದಲ್ಲಾದರೆ ಮಳೆ ಬಂದು ಉಪ್ಪನ್ನು ಕೆಳಕ್ಕೆ ತೊಳೆಯುತ್ತದೆ. ಚೀಲದಲ್ಲಿ ನೀವು ದಿನವೂ ಒಂದೊಂದು ಚೊಂಬು ಹಾಕುತ್ತೀರಿ, ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿದು ಕೂಡುತ್ತಾ ಹೋಗುತ್ತದೆ.

ಮಾಡಬೇಕಾದದ್ದು ಮೂರು. ನಳದಲ್ಲಿ ಹೊಳೆಯ ನೀರು ಬರುವ ದಿನ ಚೀಲಕ್ಕೆ ಅದನ್ನೇ ಕೊಡಿ. ಸ್ವಾತಿ ಮಳೆ ಬಿದ್ದರೆ ಮಾಳಿಗೆಯ ನೀರನ್ನು ಡ್ರಮ್ಮಿಗೆ ಹಿಡಿದಿಡಿ. ಬೋರಿನ ನೀರೇ ಗತಿಯಾದರೆ ದಿನವೂ ಸ್ವಲ್ಪ ಚಿಮುಕಿಸುವುದನ್ನು ಬಿಟ್ಟು, ಬೆರಳು ಎರಡು ಗೆಣ್ಣು ಊರಿದರೂ ಮಣ್ಣು ಒಣಗಿರುವಾಗ, ತಳದ ತೂತಿನಿಂದ ಹೊರಬರುವಷ್ಟು ಒಮ್ಮೆಗೇ ಕೊಡಿ. ಆ ನೀರು ಉಪ್ಪನ್ನೂ ಹೊತ್ತೊಯ್ಯುತ್ತದೆ. ಮತ್ತೆ, ನೀರು ಬುಡಕ್ಕೆ ಬೀಳಲಿ, ಎಲೆ ಮೇಲೆ ಬೇಡ. ಚಳಿಗಾಲದಲ್ಲಿ ಬೆಳೆದು ನಿಂತ ಚೀಲಕ್ಕೆ ದಿನ ಬಿಟ್ಟು ದಿನ ಎರಡು ಲೀಟರ್‌ನಷ್ಟು ಬೇಕಾಗಬಹುದು. ಗಡ್ಡೆ ದಪ್ಪಗಾಗುವ ಹೊತ್ತಿನಲ್ಲಿ ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸಿದರೆ ಗಡ್ಡೆ ಸೀಳುತ್ತದೆ, ಸೊಟ್ಟಗಾಗುತ್ತದೆ. ಕೀಳುವ ಎಂಟು ಹತ್ತು ದಿನ ಮೊದಲು ನೀರು ನಿಲ್ಲಿಸಿ, ಸಿಪ್ಪೆ ಬಲಿಯಲಿ.

ಎಲೆಯ ಮೇಲೆ ಉಂಗುರದ ಚುಕ್ಕೆ

*ಪ್ರಶ್ನೆ: ತಿಂಗಳೂವರಿ ಗಿಡಕ್ಕ ಕೆಳಗಿನ ಎಲಿ ಮ್ಯಾಲ ಕಂದು ಉಂಗುರದಂಥ ಚುಕ್ಕಿ ಬಂದಾವ. ಹಾಸನದಾಗ ಬೆಳಿ ಹಾಳು ಮಾಡೋ ಅಂಗಮಾರಿ ಇದs ಏನ್ರಿ?*
– ಯುವ ರೈತ, ಕಾರಟಗಿ

ಉತ್ತರ: ನೀವು ಬರೆದದ್ದನ್ನು ನೋಡಿದರೆ ಅದು ಬೇಗ ಬರುವ ಅಂಗಮಾರಿ, ಹಾಸನದವರು ಹೆದರುವ ತಡ ಅಂಗಮಾರಿಯಲ್ಲ. ಎರಡನ್ನೂ ಹೀಗೆ ಗುರುತಿಸಿ. ಬೇಗ ಬರುವುದು ಹಳೆಯ, ಕೆಳಗಿನ ಎಲೆಯಿಂದ ಶುರು, ಒಣಗಿದ ಕಂದು ಚುಕ್ಕೆಯಲ್ಲಿ ಉಂಗುರದೊಳಗೆ ಉಂಗುರ, ನಿಧಾನಕ್ಕೆ ಹರಡುತ್ತದೆ. ತಡ ಅಂಗಮಾರಿಯಲ್ಲಿ ಎಲೆಯ ತುದಿ, ಅಂಚು ಬೆಂದಂತೆ ಕಪ್ಪಾಗುತ್ತದೆ, ಬೆಳಗಿನ ಹೊತ್ತು ಎಲೆಯಡಿ ಬಿಳಿ ಬೂಷ್ಟು ಕಾಣುತ್ತದೆ, ಮೂರು ನಾಲ್ಕು ದಿನದಲ್ಲಿ ಗಿಡ ಮಲಗುತ್ತದೆ. ಅದಕ್ಕೆ ತಂಪು, ಮೋಡ, ಜಿಟಿಜಿಟಿ ಮಳೆ ಎಲ್ಲ ಒಟ್ಟಿಗೆ ಬೇಕು. ಐರ್ಲೆಂಡಿನಲ್ಲಿ 1845ರಿಂದ ಬರ ತಂದದ್ದೂ ಇದೇ ರೋಗ. ಹಾಸನದ ಮುಂಗಾರು ಅದಕ್ಕೆ ಹೇಳಿ ಮಾಡಿಸಿದ ಹವೆ. ನಮ್ಮ ಒಣ ಚಳಿಗಾಲದಲ್ಲಿ ಅದು ಅಪರೂಪ. ಎರೆ ಸೀಮೆಯ ಹವೆ ಆಲೂಗಡ್ಡೆಗೆ ಮಾಡುವ ಒಂದು ಉಪಕಾರವಿದ್ದರೆ ಅದು ಇದೇ.

ಚುಕ್ಕೆಯ ಎಲೆಗಳನ್ನು ಕಿತ್ತು ಸುಟ್ಟುಬಿಡಿ. ಗಿಡ ಹಸಿದಿದ್ದಾಗ, ಬಾಯಾರಿದ್ದಾಗ ಈ ರೋಗ ಹೆಚ್ಚು. ನೀರು, ಗೊಬ್ಬರ ಸರಿಯಾಗಿದ್ದರೆ ಅರ್ಧ ಗೆದ್ದಂತೆ. ಮೇಲಿನ ಎಲೆಗೂ ಏರುತ್ತಿದ್ದರೆ ಲೀಟರಿಗೆ ಎರಡು ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸಿ. ನೀವು ಭತ್ತದ ಗದ್ದೆಯ ಸೀಮೆಯವರು. ನಿಮ್ಮಲ್ಲಿ ಇಬ್ಬನಿ ಹೆಚ್ಚು, ಚೀಲಗಳ ನಡುವೆ ಒಂದೂವರೆ ಅಡಿ ಅಂತರ ಬಿಡಿ. ಎಲೆ ಕೆಳಮುಖವಾಗಿ ಮುದುಡಿ ಅಡಿಭಾಗ ತಾಮ್ರದ ಬಣ್ಣಕ್ಕೆ ತಿರುಗಿದರೆ ಅದು ನುಸಿ, ಲೀಟರಿಗೆ ಮೂರು ಗ್ರಾಂ ನೀರಿನಲ್ಲಿ ಕರಗುವ ಗಂಧಕ. ಹೇನು ಕಂಡರೆ ಲೀಟರಿಗೆ ಐದು ಮಿ.ಲೀ. ಬೇವಿನೆಣ್ಣೆಗೆ ಸೋಪು ನೀರು ಬೆರೆಸಿ ಸಂಜೆ ಸಿಂಪಡಿಸಿ.

ಚುಟುಕು ಪ್ರಶ್ನೆಗಳು

*ಗಿಡ ಹೂವೇ ಬಿಡಲಿಲ್ಲ. ಗಡ್ಡೆ ಆಗುತ್ತದೆಯೇ?* (ಕೂಲಿ ಕಾರ್ಮಿಕ, ಕುಕನೂರು)
ಆಗುತ್ತದೆ. ಚಳಿಗಾಲದ ಗಿಡ್ಡ ಹಗಲಿನಲ್ಲಿ ಹಲವು ತಳಿಗಳು ಹೂವು ಬಿಡುವುದೇ ಇಲ್ಲ. ಹೂವಿಗೂ ಗಡ್ಡೆಗೂ ಗಂಟು ಹಾಕಬೇಡಿ.

*ಟೊಮೆಟೊದಂಥ ಸಣ್ಣ ಹಸಿರು ಕಾಯಿ ಬಂದಿದೆ. ತಿನ್ನಬಹುದೇ?* (ಹೈಸ್ಕೂಲ್ ವಿದ್ಯಾರ್ಥಿನಿ, ಅಳವಂಡಿ)
ಬೇಡ, ಅದು ವಿಷ. ಎಲೆ, ಕಾಂಡವೂ ಹಾಗೆಯೇ. ಕಿತ್ತ ಗಿಡವನ್ನು ಆಡಿಗೂ ಎಮ್ಮೆಗೂ ಹಾಕಬೇಡಿ ಎಂದು ಮನೆಯಲ್ಲಿ ಹೇಳಿ.

*ಕೆಲವು ಗಡ್ಡೆ ಒಂದು ಬದಿ ಹಸಿರಾಗಿವೆ. ಕುದಿಸಿದರೆ ಸರಿಹೋದೀತೆ?* (ಖಾನಾವಳಿ ನಡೆಸುವವರು, ಕೊಪ್ಪಳ)
ಇಲ್ಲ. ಬೆಳಕು ಬಿದ್ದು ಹಸಿರಾದಲ್ಲಿ ಸೊಲನೀನ್ ಎಂಬ ಕಹಿ ವಿಷ ಕೂಡಿರುತ್ತದೆ, ಕುದಿಸಿದರೂ ಕರಿದರೂ ಹೋಗದು. ತುಸು ಹಸಿರಾಗಿದ್ದರೆ ಆ ಭಾಗವನ್ನು ದಪ್ಪಗೆ ಹೆರೆದು ತೆಗೆಯಿರಿ, ಹೆಚ್ಚಾಗಿದ್ದರೆ ಎಸೆಯಿರಿ. ಬಾಯಿಗೆ ಕಹಿ ಹತ್ತಿದ ಪಲ್ಯವನ್ನು ಮಕ್ಕಳಿಗೆ ಬಡಿಸಬೇಡಿ.

*ಕೀಳುವುದು ಯಾವಾಗ?* (ಅಂಗನವಾಡಿ ಕಾರ್ಯಕರ್ತೆ, ಅಳವಂಡಿ ಹೋಬಳಿ)
ತಳಿಗೆ ತಕ್ಕಂತೆ 75ರಿಂದ 100 ದಿನ. ಎಲೆ ಹಳದಿಯಾಗಿ ಗಿಡ ಬಾಗಿದಾಗ ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ. ಸಿಪ್ಪೆ ಸುಲಿಯದಿದ್ದರೆ ಬಲಿತಿದೆ. ಕಿತ್ತ ಗಡ್ಡೆ ರಾತ್ರಿ ಬಯಲಲ್ಲಿ ಬಿದ್ದಿರಬಾರದು, ಪತಂಗ ಮೊಟ್ಟೆ ಇಡುತ್ತದೆ. ತೊಳೆಯದೆ, ಕತ್ತಲೆ–ಗಾಳಿ ಇರುವ ಮೂಲೆಯಲ್ಲಿ ಒಣ ಬೇವಿನೆಲೆ ಹೊದಿಸಿಡಿ.

ಶಾಲೆಯ ಅಂಗಳದಲ್ಲಿ

*ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯ ಕೈತೋಟದಲ್ಲಿ ಆರನೆಯ, ಏಳನೆಯ ತರಗತಿಯ ಮಕ್ಕಳಿಂದ ಇದನ್ನು ಮಾಡಿಸುವ ಆಸೆ. ಸಂತೆಯ ದರಕ್ಕೆ ಹೋಲಿಸಿದರೆ ಲಾಭವಿಲ್ಲ ಎಂದು ಸಹೋದ್ಯೋಗಿಗಳು ನಗುತ್ತಾರೆ. ಏನು ಹೇಳಲಿ?*
– ಶಿಕ್ಷಕಿ, ಯಲಬುರ್ಗಾ ತಾಲ್ಲೂಕು

ಉತ್ತರ: ಅವರ ಲೆಕ್ಕ ಸರಿಯಾಗಿದೆ ಮೇಡಂ. ಬೀಜ, ಗೊಬ್ಬರ, ಆಳು, ನೀರು ಎಲ್ಲ ಕೂಡಿಸಿದರೆ ಚೀಲದ ಒಂದು ಕಿಲೊ ಸಂತೆಯ ಒಂದು ಕಿಲೊಗಿಂತ ಅಗ್ಗವಾಗಲಾರದು. ಶಾಲೆಯಲ್ಲಿ ಬೆಳೆಯುವುದು ಪಾಠಕ್ಕಾಗಿ, ಅದಕ್ಕೆ ಈ ಬೆಳೆಯಷ್ಟು ಹೊಂದುವುದು ಇನ್ನೊಂದಿಲ್ಲ. ದಸರಾ ರಜೆ ಮುಗಿದು ಶಾಲೆ ತೆರೆದಾಗ ನಾಟಿ, ವಾರ್ಷಿಕ ಪರೀಕ್ಷೆಗೆ ಮೊದಲೇ ಕೊಯ್ಲು.

ಮಕ್ಕಳು ಕಣ್ಣಾರೆ ಕಾಣಬಹುದಾದ ಪ್ರಯೋಗಗಳೂ ಇವೆ. ಒಂದು ಚೀಲಕ್ಕೆ ಬರೀ ಎರೆ ಮಣ್ಣು, ಇನ್ನೊಂದಕ್ಕೆ ಮಿಶ್ರಣ ತುಂಬಿಸಿ. ಒಂದು ಚೀಲಕ್ಕೆ ಮಣ್ಣು ಏರಿಸಿ, ಇನ್ನೊಂದನ್ನು ಹಾಗೇ ಬಿಡಿ. ಒಂದನ್ನು ಅಕ್ಟೋಬರ್‌ನಲ್ಲಿ, ಮತ್ತೊಂದನ್ನು ಡಿಸೆಂಬರ್‌ನಲ್ಲಿ ಹಚ್ಚಿಸಿ. ಪ್ರತಿ ಸೋಮವಾರ ಮಣ್ಣಿಗೆ ಉಷ್ಣಮಾಪಕ ಚುಚ್ಚಿ ಬರೆದಿಡಲಿ. ಕೀಳುವ ದಿನ ಒಂದೊಂದು ಚೀಲವನ್ನೂ ಬೇರೆಬೇರೆಯಾಗಿ ತೂಗಿದರೆ ಯಾವುದರಿಂದ ಎಷ್ಟು ವ್ಯತ್ಯಾಸವಾಯಿತು ಎಂದು ಮಕ್ಕಳೇ ಹೇಳುತ್ತಾರೆ. ಗಡ್ಡೆಯ ಮೇಲಿನ ಕಣ್ಣು ಅಂದರೆ ಮೊಗ್ಗು, ಮೊಗ್ಗು ಇರುವುದರಿಂದ ಅದು ಕಾಂಡ ಎಂಬ ವಿಜ್ಞಾನದ ಪಾಠಕ್ಕೆ ಹಲಗೆಯ ಮೇಲೆ ಚಿತ್ರ ಬರೆಯಬೇಕಾಗಿಲ್ಲ. ಬಂದ ಗಡ್ಡೆ ಒಂದು ದಿನದ ಬಿಸಿಯೂಟದ ಪಲ್ಯಕ್ಕೆ ಸಾಲದಿದ್ದರೂ ಪರವಾಗಿಲ್ಲ.

ಬೀಜ ಉಳಿಸಿಕೊಳ್ಳಬಹುದೇ? ಬೇಸಿಗೆಯಲ್ಲಿ ಚೀಲ ಖಾಲಿಯೇ?

*ಪ್ರಶ್ನೆ: ಈ ವರ್ಷ ನಾಲ್ಕು ಚೀಲದಾಗ ಚಲೋ ಗಡ್ಡಿ ಬಂದಾವ. ಸಣ್ಣವನ್ನ ಮುಂದಿನ ವರ್ಷಕ್ಕ ಬೀಜ ಅಂತ ಇಡಲೇನ್ರಿ? ಇನ್ನ ಈ ಮಣ್ಣಿನಾಗ ಬ್ಯಾಸಗಿಗೆ ಮೆಣಸಿನಕಾಯಿ ಹಾಕಲಾ?*
– ಹಿರಿಯ ಓದುಗರು, ಅಳವಂಡಿ

ಉತ್ತರ: ಎರಡಕ್ಕೂ ಬೇಡ ಎನ್ನುತ್ತೇನೆ ಯಜಮಾನರೆ. ಫೆಬ್ರುವರಿಯಲ್ಲಿ ಕಿತ್ತ ಗಡ್ಡೆ ಅಕ್ಟೋಬರ್‌ವರೆಗೆ ಎಂಟು ತಿಂಗಳು ಕಾಯಬೇಕು, ನಡುವೆ ಕೊಪ್ಪಳದ ಬೇಸಿಗೆ. ಶೀತಲಗೃಹವಿಲ್ಲದೆ ಮನೆಯಲ್ಲಿಟ್ಟರೆ ಮೇ ತಿಂಗಳಿಗೇ ಮೊಳೆತು, ಸುಕ್ಕುಗಟ್ಟಿ ನಿಸ್ಸಾರವಾಗುತ್ತದೆ. ಹೇನುಗಳಿಂದ ಹತ್ತಿದ ನಂಜು ರೋಗವೂ ಗಡ್ಡೆಯೊಳಗೆ ಕೂತು ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಸುತ್ತದೆ. ಹಾಸನದ ರೈತರು ಪಂಜಾಬಿನ ಜಲಂಧರ್ ಕಡೆಯಿಂದ ಬೀಜ ತರಿಸುವುದು ಸುಮ್ಮನೆ ಅಲ್ಲ. ಅಲ್ಲಿ ಹೇನು ಕಡಿಮೆ ಇರುವ ಚಳಿಗಾಲದಲ್ಲಿ ಬೀಜ ಬೆಳೆದು ಶೀತಲಗೃಹದಲ್ಲಿ ಇಡುತ್ತಾರೆ. ಸಣ್ಣ ಗಡ್ಡೆಯನ್ನು ಸಾರಿಗೆ ಹಾಕಿ ಉಣ್ಣಿ, ಬೀಜವನ್ನು ಪ್ರತಿ ಅಕ್ಟೋಬರಿಗೂ ಹೊಸದಾಗಿ ತನ್ನಿ.

ಮೆಣಸಿನಕಾಯಿ, ಟೊಮೆಟೊ, ಬದನೆ ಮೂರೂ ಆಲೂಗಡ್ಡೆಯ ದಾಯಾದಿಗಳು. ಮಣ್ಣಿನಲ್ಲಿ ಉಳಿದ ಸೊರಗು ರೋಗ ಅವುಗಳಿಗೂ ಹತ್ತುತ್ತದೆ. ಏಪ್ರಿಲ್–ಮೇನಲ್ಲಿ ಮಣ್ಣನ್ನು ತೆಳ್ಳಗೆ ಹರವಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡಿ. ಆಲೂಗಡ್ಡೆಯನ್ನು ಬೆಳೆಯಗೊಡದ ಬಿಸಿಲೇ ಅದರ ರೋಗವನ್ನೂ ತಗ್ಗಿಸುತ್ತದೆ.

ಜೂನ್ ಕೊನೆಗೆ ಅದೇ ಮಣ್ಣಿಗೆ ಒಂದೆರಡು ಬೊಗಸೆ ಗೊಬ್ಬರ ಬೆರೆಸಿ ಗೆಣಸಿನ ಬಳ್ಳಿ ಹಚ್ಚಿ. ಬೆಳಗಾವಿ ಕಡೆ ಮುಂಗಾರಿನಲ್ಲಿ ಬೆಳೆಯುವ ಬೆಳೆ ಇದು. ಗೇಣುದ್ದದ ಬಳ್ಳಿಯ ತುಂಡು ಚೀಲಕ್ಕೆ ಎರಡು ಸಾಕು. ನಮ್ಮ ರಾತ್ರಿಯ ಸೆಕೆಗೆ ಅದು ಹಿಂಜರಿಯುವುದಿಲ್ಲ, ಎಳೆ ಎಲೆಯನ್ನೂ ಪಲ್ಯ ಮಾಡಬಹುದು, 110–120 ದಿನಕ್ಕೆ ಗೆಣಸು ಬರುತ್ತದೆ. ಅಕ್ಟೋಬರ್ ಮಧ್ಯಕ್ಕೆ ಚೀಲ ಬಿಡುವಾಗುತ್ತದೆ. ಅಷ್ಟರಲ್ಲಿ ಬೀಜದ ಆಲೂಗಡ್ಡೆ ನಿಮ್ಮ ಪಡಸಾಲೆಯಲ್ಲಿ ಮೊಳೆತಿರಲಿ.